ಅಂಜಿದವ್ವನ ಗುಂಡು

ಗುಂಡನಾಳದ ಬಸ್ ನಿಲ್ದಾಣದಲ್ಲಿ ಇಳಿದು, ಪಟ್ಟಣ ಪಂಚಾಯಿತಿ ಕಚೇರಿಯ ಪಕ್ಕದ ಸಂದಿ ಹಿಡಿದು ನಡೆದರೆ, ಕಂಬಾರರ ಓಣಿ ಮುಗಿಯುತ್ತಲೇ ಗುಡ್ಡದ ಬುಡ ಸಿಗುತ್ತದೆ. ಊರಿನ ಮೂರು ಕಡೆಗೂ ಕಲ್ಲುಗುಡ್ಡಗಳು. ಯಾರೋ ಪೇರಿಸಲು ಹೋಗಿ ಅರ್ಧಕ್ಕೆ ಬಿಟ್ಟುಹೋದಂತೆ ಬಂಡೆಯ ಮೇಲೆ ಬಂಡೆ. ಹೀಗೆ ಒಂಟಿಯಾಗಿ ನಿಂತ ದೊಡ್ಡ ಬಂಡೆಗೆ ಈ ಸೀಮೆಯಲ್ಲಿ ಗುಂಡು ಎನ್ನುತ್ತಾರೆ. ಗುಡ್ಡದ ಬುಡದಲ್ಲಿ ಅಂಥದೊಂದು ಗುಂಡು ಎರಡು ಹೋಳಾಗಿ ಬಿದ್ದಿದೆ. ಒಂದು ಹೋಳು ಗುಡ್ಡಕ್ಕೆ ಒರಗಿ ನಿಂತಿದೆ, ಇನ್ನೊಂದು ನೆಲಕ್ಕೆ ಮುಖ ಮಾಡಿ ಮಲಗಿದೆ. ಮಲಗಿದ ಹೋಳಿನ ಎತ್ತರವೇ ಎರಡಾಳು ಮೀರುತ್ತದೆ. ಅದರ ಎದುರಿಗೆ, ಒಂದು ಕೂಗಿನ ದೂರದಲ್ಲಿ, ಗಿಡಮರವಿಲ್ಲದ ಬಯಲು ದಿಬ್ಬ. ನಡುವೆ ಪಂಚಾಯಿತಿಯವರು ನೆಟ್ಟ ನೀಲಿ ಫಲಕದಲ್ಲಿ ಬಿಳಿ ಅಕ್ಷರಗಳಲ್ಲಿ ಬರೆದಿದೆ: ಅಂಜಿದವ್ವನ ಗುಂಡು.

ಹೆಸರು ಓದಿದ ಪರಊರಿನವರು ನಗುವುದುಂಟು. ಊರೂರಿಗೆ ವೀರಗಲ್ಲುಗಳಿವೆ, ಮಾಸ್ತಿಗಲ್ಲುಗಳಿವೆ, ಅಂಜಿದವಳ ಹೆಸರಿನ ಕಲ್ಲನ್ನು ಯಾರು ಕಂಡಿದ್ದಾರೆ? ಕೆಲವು ವರ್ಷಗಳ ಹಿಂದೆ ಪಂಚಾಯಿತಿಯವರು ರಾಜ್ಯೋತ್ಸವದ ವಾರದಲ್ಲಿ ಶಾಲೆಯ ಮಕ್ಕಳಿಗೆ ಊರಿನ ಹಳೆಯ ಜಾಗಗಳನ್ನು ತೋರಿಸುವ ನಡಿಗೆಯೊಂದನ್ನು ಇಟ್ಟುಕೊಂಡಾಗ, ಸದಸ್ಯರೊಬ್ಬರು ಈ ಹೆಸರು ಊರಿಗೆ ಶೋಭೆಯಲ್ಲವೆಂದೂ 'ಧೀರವ್ವನ ಗುಂಡು' ಎಂದು ಬದಲಾಯಿಸಬೇಕೆಂದೂ ಠರಾವು ಮಂಡಿಸಿದರಂತೆ. ಮುಖ್ಯಾಧಿಕಾರಿಗಳು ಅದನ್ನು ಓದಿ ಹೇಳಿ, ಆಕ್ಷೇಪವಿದೆಯೇ ಎಂದು ಕೇಳಿದರು. ನಲವತ್ತು ವರ್ಷ ಊರಿಗೆ ನಲ್ಲಿ ನೀರು ಬಿಟ್ಟು ನಿವೃತ್ತನಾದ ಮರಿಬಸಪ್ಪನೆಂಬ ಮುದುಕ ಹಿಂದಿನ ಬೆಂಚಿನಿಂದ ಎದ್ದು, "ಆ ಹೆಸರು ಆಕಿನ ಕೇಳಿ ಇಟ್ಟದ್ದು. ಆಕಿನ ಕೇಳದ ತೆಗೆಯಂಗಿಲ್ಲ" ಎಂದ. ಆಮೇಲೆ ಅವನು ಹೇಳಿದ ಕಥೆಗೆ ಒಂದು ಗಂಟೆ ಹಿಡಿಯಿತು. ಕೇಳಿದ ಮೇಲೆ ಠರಾವು ತಂದವರೇ ಅದನ್ನು ಹಿಂತೆಗೆದುಕೊಂಡರು. ಊರಿನಲ್ಲಿ ಹಿರಿಯರೆಲ್ಲ ಬಲ್ಲ ಆ ಕಥೆ ಹೀಗಿದೆ.

ಹಿಂದೆ ಒಮ್ಮೆ, ಪಾಳೆಯಗಾರರ ಆಳಿಕೆ ಇನ್ನೂ ನಡೆದಿದ್ದ ಕಾಲದಲ್ಲಿ, ಗುಂಡನಾಳಕ್ಕೆ ಕಚೇರಿಯೂ ಇರಲಿಲ್ಲ, ಚಾವಡಿಯೂ ಇರಲಿಲ್ಲ. ಊರ ಹಿರಿಯರು ಕೂಡಿ ನ್ಯಾಯ ಹೇಳುವ ಸಭೆಗೆ ಆಗ 'ದೈವ' ಎನ್ನುತ್ತಿದ್ದರು. ದೈವ ಕೂಡುತ್ತಿದ್ದದ್ದು ಈ ಗುಂಡಿನ ಕೆಳಗೆ. ಗುಂಡು ಆಗ ಇಡಿಯಾಗಿತ್ತು. ಹಿಂಬದಿಯನ್ನು ಗುಡ್ಡಕ್ಕೆ ಕೊಟ್ಟು, ಮುಂದೆ ಎರಡು ಸಣ್ಣ ಬಂಡೆಗಳ ಮೇಲೆ ಕಾಲೂರಿ ನಿಂತು, ಒಳಗೆ ದೊಡ್ಡ ಪಡಸಾಲೆಯಷ್ಟು ಜಾಗ ಬಿಟ್ಟಿತ್ತು. ಎಂಥ ಬಿಸಿಲಿನಲ್ಲೂ ತಂಪು, ಎಂಥ ಮಳೆಯಲ್ಲೂ ಒಂದು ಹನಿ ಒಳಗಿಲ್ಲ. ಮುನ್ನೂರು ಜನ ಒತ್ತಾಗಿ ಕೂತರೆ ಹಿಡಿಸುತ್ತಿತ್ತು. ನಟ್ಟ ನಡುವೆ ಮೊಣಕಾಲೆತ್ತರದ ಒಂದು ಚಪ್ಪಟೆ ಕಲ್ಲು. ಅದರ ಹೆಸರು ದೂರುಗಲ್ಲು. ಯಾರೇ ಆಗಲಿ, ಯಾವ ಕುಲದವರೇ ಆಗಲಿ, ಬಂದು ಆ ಕಲ್ಲಿನ ಮೇಲೆ ಕೂತರೆ ಅವರ ದೂರು ತೀರುವ ತನಕ ಗುಂಡಿನ ಕೆಳಗೆ ದೈವ ಬೇರೆ ಮಾತು ಎತ್ತುವಂತಿರಲಿಲ್ಲ. ಕೂತವರನ್ನು ಮುಟ್ಟಿ ಎಬ್ಬಿಸುವಂತಿರಲಿಲ್ಲ. ತಾವಾಗಿ ಎದ್ದರೆ ಮಾತ್ರ ದೂರು ಬಿದ್ದುಹೋದಂತೆ. ಇದು ಯಾರು ಮಾಡಿದ ಕಟ್ಟಳೆಯೋ ಯಾರಿಗೂ ಗೊತ್ತಿರಲಿಲ್ಲ, ಆದರೆ ಯಾರೂ ಮೀರಿದ್ದಿಲ್ಲ.

ಆ ಜಾಗವನ್ನು ದಿನಾ ಗುಡಿಸುತ್ತಿದ್ದವಳು ಹುಲಿಗೆವ್ವ ಎಂಬ ಕಲ್ಲುಕುಟಿಗರ ಹೆಂಗಸು. ಹೆಸರಿನಲ್ಲಿ ಹುಲಿ ಇದ್ದರೂ ಅವಳಷ್ಟು ಪುಕ್ಕಲು ಜೀವ ಊರಿನಲ್ಲಿ ಇನ್ನೊಂದಿರಲಿಲ್ಲ. ಹುಟ್ಟಾ ಅಂಥವಳೇನಲ್ಲ. ಗಂಡ ಎಂಕಪ್ಪನ ಜೊತೆ ಕಲ್ಲುಗಣಿಯಲ್ಲಿ ಸುತ್ತಿಗೆ ಹಿಡಿದು ದುಡಿದವಳೇ. ಬಂಡೆಗೆ ಕಿವಿಕೊಟ್ಟು, ಅದು ಎಲ್ಲಿ ಸೀಳುತ್ತದೆ ಎಂದು ಗಂಡನಿಗಿಂತ ಮೊದಲು ಹೇಳುತ್ತಿದ್ದಳು. ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ, ತಲೆಯ ಮೇಲಿನ ಕಲ್ಲು ಸಣ್ಣಗೆ ಟಿಕ್ಕೆಂದದ್ದು ಅವಳಿಗೆ ಕೇಳಿಸಿತು. ಹೇಳಬೇಕು ಎನ್ನುವಷ್ಟರಲ್ಲಿ ಎಂಕಪ್ಪ ಕೈ ತೊಳೆಯಲು ನಾಲ್ಕು ಹೆಜ್ಜೆ ಆಚೆ ಹೋದ. ಅವನಿದ್ದ ಕಡೆಗೇ ಕಲ್ಲು ಬಿತ್ತು. ಅಂದಿನಿಂದ ಅವಳ ಕಿವಿಯಲ್ಲಿ ಆ ಸದ್ದು ಕೂತುಬಿಟ್ಟಿತು. ಬಾಗಿಲು ಕಿರುಗುಟ್ಟಿದರೆ ಬೆಚ್ಚುತ್ತಿದ್ದಳು, ಒಲೆಯಲ್ಲಿ ಕಟ್ಟಿಗೆ ಸಿಡಿದರೆ ಹೊರಗೋಡಿ ಬರುತ್ತಿದ್ದಳು. ಗಂಡನಿಲ್ಲದವಳ ಹೊಟ್ಟೆಪಾಡಿಗೆಂದು ದೈವದವರು ಗುಂಡಿನ ಕೆಳಗೆ ಗುಡಿಸುವ ಕೆಲಸ ಕೊಟ್ಟರು. ಅವರು ದಯೆಯಿಂದಲೇ ಕೊಟ್ಟದ್ದು. ಅವಳು ಮಾತ್ರ ದಿನವೂ ಉಸಿರು ಬಿಗಿಹಿಡಿದು ಒಳಗೆ ಹೋಗಿ, ತಲೆಯೆತ್ತದೆ ಗುಡಿಸಿ, ಹೊರಗೆ ಬಂದ ಮೇಲೆಯೇ ಉಸಿರು ಬಿಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅನಾಹುತವೊಂದು ನಡೆಯಿತು. ಸಂತೆಯ ದಿನ, ಪೇಟೆಯ ಓಣಿ ಜನರಿಂದ ತುಂಬಿದ್ದಾಗ, ಹುಲಿಗೆವ್ವನಿಗೆ ಎಲ್ಲೋ ಟಕ್ಕೆಂದು ಸೀಳಿದ ಸದ್ದು ಕೇಳಿತು. ಓಣಿಯ ಮೇಲೆ ಬಾಗಿ ನಿಂತ ಬಂಡೆಯನ್ನು ನೋಡಿದಳು. "ಓಡ್ರೀ, ಕಲ್ಲು ಬೀಳಾಕತ್ತೈತಿ" ಎಂದು ಕೂಗಿದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಕುಂಬಾರರ ಈರವ್ವ, ಅರವತ್ತು ದಾಟಿದವಳು, ನೂಕಾಟದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ನೋಡಿದರೆ ಸೀಳಿದ್ದು ಬಂಡೆಯಲ್ಲ, ಗಾಣದ ಮರ. ಆ ವಾರವೇ ದೈವ ಕೂಡಿ, ಇನ್ನೊಮ್ಮೆ ಹೀಗೆ ಹುಯಿಲೆಬ್ಬಿಸಿದರೆ ಅವಳು ಊರ ಗಡಿ ದಾಟಬೇಕೆಂದು ತೀರ್ಪು ಕೊಟ್ಟಿತು. ಹುಲಿಗೆವ್ವ ಎದುರಾಡಲಿಲ್ಲ. ಅಂದಿನಿಂದ ಯಾವ ಸದ್ದು ಕೇಳಿದರೂ ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಿರುವುದನ್ನು ಕಲಿತಳು. ಊರಿನವರು ಅವಳಿಗೆ ಅಂಜಿದವ್ವ ಎಂದು ಹೆಸರಿಟ್ಟರು. ಮುಖದೆದುರೇ ಹಾಗೆ ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

ಅದಾದ ಎರಡನೆಯ ವರ್ಷ ಮಳೆ ಚೆನ್ನಾಗಿ ಬಿತ್ತು. ಮೂರು ವರ್ಷ ಕಾದು ಒಣಗಿದ್ದ ಗುಡ್ಡಗಳು ಹದಿನೈದು ದಿನ ಬಿಡದೆ ನೆನೆದವು. ಮಳೆ ನಿಂತು ಬಿಸಿಲು ಬಂದ ಮೂರನೆಯ ದಿನ, ಗುಡಿಸುತ್ತಿದ್ದ ಹುಲಿಗೆವ್ವನ ಕಸಬರಿಗೆಯ ಮುಂದೆ ಒಂದು ಚಿಟಿಕೆ ಬಿಳಿ ಪುಡಿ ಬಿದ್ದಿತ್ತು. ಸುಣ್ಣವಲ್ಲ, ಹಿಟ್ಟಲ್ಲ. ಬೆರಳಲ್ಲಿ ಉಜ್ಜಿ ನೋಡಿದಳು: ಕಲ್ಲಿನ ಪುಡಿ, ಆಗತಾನೆ ಅರೆದದ್ದು. ಎಷ್ಟೋ ತಿಂಗಳ ಮೇಲೆ ಮೊದಲ ಬಾರಿ ತಲೆಯೆತ್ತಿದಳು. ಗುಂಡಿನ ಹೊಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಹಳೆಯದೊಂದು ಗೆರೆ ಇತ್ತು. ಊರಿಗೆಲ್ಲ ಗೊತ್ತಿದ್ದ ಗೆರೆಯೇ. ಕಲ್ಲುಕುಟಿಗರು ಅನುಮಾನದ ಬಂಡೆಯ ಕೆಳಗೆ ಮಲಗುವ ಮುನ್ನ ಅದರ ಬಿರುಕಿಗೆ ಜೋಳದ ದಂಟಿನ ಸಿಬಿರೊಂದನ್ನು ಬಿಗಿಯಾಗಿ ಸಿಕ್ಕಿಸುತ್ತಿದ್ದರು. ಬೆಳಿಗ್ಗೆ ಸಿಬಿರು ಹಾಗೇ ಇದ್ದರೆ ಭಯವಿಲ್ಲ. ಉದುರಿದ್ದರೆ ಬಿರುಕು ಅಗಲವಾಗಿದೆ, ಕಲ್ಲು ನಡೆಯತೊಡಗಿದೆ ಎಂದರ್ಥ. ಹುಲಿಗೆವ್ವ ಮುಂದಿನ ಆನಿಕೆಯ ಬಂಡೆ ಹತ್ತಿ, ಗೆರೆಗೆ ಮೂರು ಸಿಬಿರು ಸಿಕ್ಕಿಸಿದಳು. ಮರುದಿನ ಬಂದಾಗ ಮೂರೂ ನೆಲದ ಮೇಲಿದ್ದವು. ಇನ್ನೂ ದಪ್ಪನೆಯವನ್ನು ಸಿಕ್ಕಿಸಿದಳು. ಅದರ ಮರುದಿನ ಅವೂ ನೆಲದಲ್ಲಿದ್ದವು. ಬರುವ ಸೋಮವಾರ ಇದೇ ಗುಂಡಿನ ಕೆಳಗೆ ಊರಿಗೂರೇ ಸೇರಲಿತ್ತು. ಕೆರೆ ತುಂಬಿದ್ದರಿಂದ ಯಾವ ಓಣಿಯವರ ಹೊಲಕ್ಕೆ ಯಾವ ದಿನ ನೀರು ಎಂದು ಸರತಿ ಕಟ್ಟುವ ಸಭೆ. ಗಂಡಸರು, ಹೆಂಗಸರು, ಕಂಕುಳ ಕೂಸುಗಳು, ಎಲ್ಲರೂ ಬರುವವರೇ.

ಹೋಗಿ ಹೇಳಿದರೆ ಊರು ಬಿಡಬೇಕು. ಹೇಳದಿದ್ದರೆ? ಅವಳು ಶುಕ್ರವಾರ ಇಡೀ ದಿನ ಅನ್ನ ಮುಟ್ಟದೆ ಕೂತಿದ್ದು, ಸಂಜೆಯ ಹೊತ್ತಿಗೆ ದೈವದ ಹಿರಿಯನಾದ ಪಂಪನಗೌಡನ ಮನೆಯಂಗಳದಲ್ಲಿ ಹೋಗಿ ನಿಂತಳು. ಪಂಪನಗೌಡ ಕೆಟ್ಟವನಲ್ಲ, ಗಟ್ಟಿ ಮನಸ್ಸಿನ, ನೆಟ್ಟಗೆ ನಡೆಯುವ ಮನುಷ್ಯ. ಅವಳು ಕೂಗಲಿಲ್ಲ. ಮಡಿಲಿನಿಂದ ಆರು ಸಿಬಿರುಗಳನ್ನು ತೆಗೆದು ಕಟ್ಟೆಯ ಮೇಲಿಟ್ಟು, ನಡೆದದ್ದನ್ನು ಪಿಸುದನಿಯಲ್ಲಿ ಹೇಳಿದಳು.

ಗೌಡ ಸಿಬಿರುಗಳನ್ನು ತಿರುಗಿಸಿ ನೋಡಿದ. "ಗಾಳಿಗೆ ಬಿದ್ದಿರಬೇಕು."

"ಗುಂಡಿನ ಒಳಗ ಗಾಳಿ ಬರಂಗಿಲ್ಲರಿ, ಗೌಡ್ರ."

"ಇಲಿ ಎಳೆದಿರಬೇಕು. ಏ ಹುಲಿಗೆವ್ವ, ನಮ್ಮಜ್ಜನ ಅಜ್ಜನೂ ಅದರ ಕೆಳಗ ಕುಂತಾನ. ಸಿಡಿಲು ಬಡಿದರೂ ಅಲುಗದ ಗುಂಡು ಅದು. ನಿನಗ ಅಂಜಿಕಿ ಬಂತಂತ ಊರ ಸಭೆ ನಿಲ್ಲಿಸಲಿ ಏನು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನನ್ನ ಮುಂದ ಹೇಳಿದಿ, ನಾ ಕೇಳಿಲ್ಲ ಅಂತ ತಿಳಕೊಂತೀನಿ. ಬ್ಯಾರೆ ಯಾರ ಮುಂದೂ ಆಡಬ್ಯಾಡ. ತೀರ್ಪು ನೆನಪೈತಲ್ಲ?"

ನೆನಪಿತ್ತು. ಮನೆಗೆ ಬರುವ ದಾರಿಯಲ್ಲಿ ಹುಲಿಗೆವ್ವನಿಗೆ ಒಂದೇ ಸಲಕ್ಕೆ ಎರಡು ಭಯ ಹಿಡಿದವು. ಗುಂಡು ಬಿದ್ದರೆ ಎಂಬುದು ಒಂದು. ಬೀಳದೆ ಹೋದರೆ ಎಂಬುದು ಇನ್ನೊಂದು. ಗಾಣದ ಮರ ಸೀಳಿದ ದಿನವೂ ತಾನು ಹೀಗೆಯೇ ನಂಬಿದ್ದೆನಲ್ಲ, ಈ ಕಿವಿಯೇ ಸುಳ್ಳಾಗಿದ್ದರೆ, ಈ ಪುಡಿಯೂ ಸಿಬಿರೂ ತನ್ನ ತಲೆಯೊಳಗಿನದೇ ಆಟವಾಗಿದ್ದರೆ? ಊರು ಬಿಟ್ಟು ಅವಳಿಗೆ ಗೊತ್ತಿದ್ದ ಜಾಗ ಇನ್ನೊಂದಿರಲಿಲ್ಲ. ಎಂಕಪ್ಪನನ್ನು ಮಣ್ಣು ಮಾಡಿದ್ದೂ ಇಲ್ಲಿಯೇ. ಆದರೆ ಓಣಿಯ ತಿರುವಿನಲ್ಲಿ ಹೆಣ್ಣುಮಕ್ಕಳು ಸೋಮವಾರ ಯಾವ ಸೀರೆ ಉಡಬೇಕೆಂದು ಮಾತಾಡುತ್ತ ನಿಂತಿದ್ದರು. ಅದು ಅವಳ ಕಿವಿಗೆ ಬಿತ್ತು. ಎಂಕಪ್ಪ ಕೈ ತೊಳೆಯಲು ಎದ್ದ ಆ ಗಳಿಗೆ ಕಣ್ಣಿಗೆ ಕಟ್ಟಿತು. ಬಾಯಿ ತೆರೆಯುವುದಕ್ಕೆ ತಡವಾದ ಗಳಿಗೆ.

ಶನಿವಾರ ಹೊತ್ತು ಏರುವಾಗ ಹುಲಿಗೆವ್ವ ಗುಂಡಿನ ಕೆಳಗೆ ಹೋಗಿ ದೂರುಗಲ್ಲಿನ ಮೇಲೆ ಕೂತುಬಿಟ್ಟಳು. ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಕೂತ ಮೇಲೆ ಕಾಲು ಎಷ್ಟು ನಡುಗತೊಡಗಿದವೆಂದರೆ, ಎರಡು ಕೈಯಿಂದ ಮೊಣಕಾಲನ್ನು ಅದುಮಿ ಹಿಡಿಯಬೇಕಾಯಿತು. ದನ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನೋಡಿ ಊರಿಗೆ ಸುದ್ದಿ ಮುಟ್ಟಿಸಿದ. ಮಧ್ಯಾಹ್ನದ ಹೊತ್ತಿಗೆ ದೈವದ ಹಿರಿಯರೂ ಅವರ ಹಿಂದೆ ಅರ್ಧ ಊರೂ ಬಂದಿತ್ತು. ಕಟ್ಟಳೆಯಂತೆ ಪಂಪನಗೌಡ ಕೇಳಿದ:

"ಯಾರ ಮ್ಯಾಲೆ ನಿನ್ನ ದೂರು?"

ಹುಲಿಗೆವ್ವ ಬೆರಳೆತ್ತಿ ಮೇಲೆ ತೋರಿಸಿದಳು. "ಇದರ ಮ್ಯಾಲೆ, ಗೌಡ್ರ. ಗುಂಡಿನ ಮ್ಯಾಲೆ."

ಜನ ಗೊಳ್ಳೆಂದು ನಕ್ಕರು. ನಗು ಆ ಕಲ್ಲಿನ ಹೊಟ್ಟೆಯಲ್ಲಿ ಗುಡುಗಿತು. ಅವಳು ಕಣ್ಣು ಮುಚ್ಚಿಕೊಂಡಳು. ಗೌಡ ನಗಲಿಲ್ಲ. ಅವಳು ಮಾಡಿದ್ದೇನೆಂದು ಅವನಿಗೆ ತಿಳಿದಿತ್ತು. ಹುಯಿಲೆಬ್ಬಿಸಿಲ್ಲ, ಆದ್ದರಿಂದ ಹಳೆಯ ತೀರ್ಪು ತಾಗುವುದಿಲ್ಲ. ದೂರುಗಲ್ಲಿನ ಮೇಲೆ ಕೂತಿದ್ದಾಳೆ, ಆದ್ದರಿಂದ ಅವಳನ್ನು ಮುಟ್ಟುವಂತಿಲ್ಲ, ಸೋಮವಾರ ಇಲ್ಲಿ ನೀರಿನ ಮಾತು ಎತ್ತುವಂತೆಯೂ ಇಲ್ಲ. ಹಿರಿಯರು ಹೊರಗೆ ನಿಂತು ಬಹಳ ಹೊತ್ತು ಮಾತಾಡಿದರು. ಕೊನೆಗೆ ಗೌಡ ಒಳಬಂದು ತೀರ್ಮಾನ ಹೇಳಿದ. ಸೋಮವಾರ ಜನ ಎದುರಿನ ಬಯಲು ದಿಬ್ಬದ ಮೇಲೆ ಸೇರಿ ಈ ದೂರನ್ನು ಕೇಳುತ್ತಾರೆ. ಅಂದು ನೆತ್ತಿಯ ಬಿಸಿಲು ಇಳಿದು, ಗುಂಡಿನ ನೆರಳು ಮುಂದಿನ ಹಾಸುಗಲ್ಲನ್ನು ಮುಟ್ಟುವ ತನಕ ಗುಂಡು ಮಿಸುಕದಿದ್ದರೆ ದೂರು ಸುಳ್ಳು. ಅವಳು ಗಂಟುಮೂಟೆ ಕಟ್ಟಬೇಕು. ಅಲ್ಲಿಯ ತನಕ ಕೂತಿರಬೇಕಾದವಳು ಅವಳೇ. ನಡುವೆ ಎದ್ದರೆ ದೂರು ಬಿತ್ತು. ಜನ ಎದ್ದು ಬಂದು ಗುಂಡಿನ ಕೆಳಗೆ ಕೂಡುತ್ತಾರೆ. "ಗುಂಡು ಬೀಳತೈತಿ ಅನ್ನಾಕಿ ನೀನ. ಅದರ ಬುಡಕ ಕೂಡಾಕಿನೂ ನೀನ. ಒಪ್ಪಿಗಿ ಏನು?" ಎಂದು ಕೇಳಿದ. ಅವಳು ಹೆದರಿ ಎದ್ದೇಳುತ್ತಾಳೆ, ಎಲ್ಲ ಅಲ್ಲಿಗೆ ಮುಗಿಯುತ್ತದೆ ಎಂದು ಅವನ ಎಣಿಕೆ. ಹುಲಿಗೆವ್ವನಿಗೂ ಹಾಗೆಯೇ ಅನಿಸಿತ್ತು. ಆದರೂ ತಲೆಯಾಡಿಸಿದಳು.

ಅವಳ ಕಾವಲಿಗೆ ತಳವಾರ ಜಡಿಯಪ್ಪನನ್ನು ಬಿಟ್ಟರು. ಅಡ್ಡಾದಿಡ್ಡಿ ಬೆಳೆದ ಆಳು, ಕೈಯಲ್ಲಿ ಬಿದಿರ ಕೋಲು, ಮುಂಗೋಪಿ. ಕಟ್ಟಳೆಯಂತೆ ದೂರುದಾರಳಿಗೆ ನೀರು ಕೊಡುವುದೂ ಅವನದೇ ಕೆಲಸ. ಗುಂಡಿನ ತಂಪಿನಲ್ಲಿ ಕಂಬಳಿ ಹಾಸಿ ಆರಾಮಾಗಿ ಒರಗಿಕೊಂಡ. "ಎಷ್ಟೊತ್ತು ಕೂಡ್ತಿ? ಎದ್ದು ಹೋಗಬಾರದೇನು? ನನಗೂ ಮನಿಗೆ ಹೋಗಾಕ ಆಗತೈತಿ" ಎಂದು ಗೊಣಗಿದ. ಹುಲಿಗೆವ್ವ ಕಲ್ಲಿಗೆ ಕಿವಿಗೊಟ್ಟು ಕೇಳುತ್ತಿದ್ದಳು. ಹಗಲು ಕಾದ ಕಲ್ಲು ಸಂಜೆ ತಣಿಯುವಾಗ ಸದ್ದು ಮಾಡುತ್ತದೆ. ಅದು ಅವಳಿಗೆ ಗೊತ್ತಿದ್ದ ಸದ್ದು. ಅದರ ಜೊತೆಗೆ ಇನ್ನೊಂದಿತ್ತು, ಒಳಗಿನಿಂದ ಬರುವುದು, ಯಾರೋ ಹಲ್ಲು ಕಡಿದಂತೆ. ಪ್ರತಿ ಸಲ ಅದು ಕೇಳಿದಾಗ ಮೇಲೆ ನೋಡಬಾರದು ಎಂದುಕೊಳ್ಳುವಳು, ನೋಡುವಳು. ಗೆರೆ ಅಲ್ಲೇ ಇರುತ್ತಿತ್ತು, ನೆತ್ತಿಯ ನೇರಕ್ಕೆ. ಒಮ್ಮೆ ಕಣ್ಣ ರೆಪ್ಪೆಯ ಮೇಲೆ ಪುಡಿ ಬಿತ್ತು. ಎದ್ದು ಓಡಲೆಂದು ಅರ್ಧ ಎದ್ದವಳು ಮತ್ತೆ ಕೂತಳು. ಶನಿವಾರವೂ ಭಾನುವಾರವೂ ಎಷ್ಟು ಸಲ ಹೀಗೆ ಅರ್ಧ ಎದ್ದು ಕೂತಳೋ, ಆ ದೇವರಿಗೇ ಗೊತ್ತು ಎನ್ನುತ್ತಾರೆ.

ಭಾನುವಾರ ಮಧ್ಯಾಹ್ನ ಕುಂಬಾರರ ಈರವ್ವ ಬಂದಳು. ಎರಡು ವರ್ಷದಿಂದ ಕೋಲಿಲ್ಲದೆ ನಡೆಯಲಾರದವಳು ಆ ಏರಿನಲ್ಲಿ ಒಂದೊಂದೇ ಹೆಜ್ಜೆ ಎಳೆದುಕೊಂಡು, ಸೆರಗಿನ ತುದಿಗೆ ರೊಟ್ಟಿಯ ಗಂಟು ಕಟ್ಟಿಕೊಂಡು ಬಂದಿದ್ದಳು. ಅವಳನ್ನು ಕಂಡು ಹುಲಿಗೆವ್ವನಿಗೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎನಿಸಿತು. ಸೊಂಟ ಮುರಿದಂದಿನಿಂದ ಇಬ್ಬರೂ ಮಾತಾಡಿರಲಿಲ್ಲ.

"ತಿನ್ನು," ಎಂದಳು ಈರವ್ವ.

"ನೀ ಒಳಗ ಬರಬ್ಯಾಡ, ಯವ್ವ. ಹೊರಗ ನಿಲ್ಲು."

ಈರವ್ವ ಅಲ್ಲೇ ನಿಂತಳು. ಬಾಗಿ ಮೇಲೆ ನೋಡಿದಳು, ಅವಳ ಮುಖ ನೋಡಿದಳು. "ಖರೇನ ಬೀಳತೈತೇನು?"

"ಗೊತ್ತಿಲ್ಲ." ಹುಲಿಗೆವ್ವ ಅತ್ತಳು. "ಆವತ್ತೂ ಬೀಳತೈತಿ ಅನಿಸಿತ್ತು. ನಿನ್ನ ಸೊಂಟ ಮುರಿದೆ. ಇವತ್ತೂ ಹಂಗ ಅನಸತೈತಿ. ನನಗ ಏನೂ ಗೊತ್ತಾಗವಲ್ದು, ಯವ್ವ. ಅಂಜಿಕಿ ಒಂದ ಗೊತ್ತು."

ಈರವ್ವ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಆವತ್ತು ನೀ ಓಡು ಅಂದಿ, ಓಡಿದೆ, ಬಿದ್ದೆ. ನಿನಗ ಎಷ್ಟು ಶಾಪ ಹಾಕೀನೋ ಲೆಕ್ಕ ಇಲ್ಲ. ಆದರ ಇವತ್ತು ನೀ ಮತ್ತ ಓಡು ಅಂದರ ಮತ್ತ ಓಡತೀನಿ, ಮಗಳ. ಕುಂಟಿಕೋಂತ ಓಡತೀನಿ. ಯಾಕಂದ್ರ ಸುಳ್ಳಿಗೆ ಯಾರೂ ಹಿಂಗ ನಡುಗಂಗಿಲ್ಲ." ರೊಟ್ಟಿಯನ್ನು ಜಡಿಯಪ್ಪನ ಕೈಗೆ ಕೊಟ್ಟು, "ನಾಳೆ ನಾ ದಿಬ್ಬದ ಮ್ಯಾಲೆ ಕೂಡ್ತೀನಿ. ಇಲ್ಲಿಗೆ ಬರಂಗಿಲ್ಲ," ಎಂದು ಹೇಳಿ ತಿರುಗಿದಳು. ಆ ರೊಟ್ಟಿಯನ್ನು ಹುಲಿಗೆವ್ವ ತಿಂದಳು. ಎರಡು ದಿನದಲ್ಲಿ ಅವಳ ಗಂಟಲಲ್ಲಿ ಇಳಿದದ್ದು ಅದೊಂದೇ.

ಸೋಮವಾರ ಜನ ದಿಬ್ಬದ ಮೇಲೆ ಸೇರಿದರು. ಹೊಸ ಸೀರೆ ಉಟ್ಟವರು, ಮಕ್ಕಳನ್ನು ಹೆಗಲಿಗೇರಿಸಿಕೊಂಡವರು, ಬಯಲ ಬಿಸಿಲಿನಲ್ಲಿ ಬೇಯುತ್ತ ಗುಂಡಿನ ನೆರಳು ಯಾವಾಗ ಹಾಸುಗಲ್ಲು ಮುಟ್ಟುತ್ತದೆಂದು ನೋಡುತ್ತ ಕೂತರು. ಎದುರಿಗೇ ತಂಪಾದ ಜಾಗ ಕಾಣುತ್ತಿತ್ತು. ಒಬ್ಬ ಹೆಂಗಸಿನ ಹುಚ್ಚಿಗೆ ಬಿಸಿಲಲ್ಲಿ ಸಾಯಬೇಕೇ ಎಂದು ಜನ ಗೊಣಗತೊಡಗಿದರು. ಗುಂಡಿನ ಕೆಳಗೆ ಜಡಿಯಪ್ಪ ಕಂಬಳಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಹುಲಿಗೆವ್ವನಿಗೆ ಕಣ್ಣು ಕತ್ತಲಿಟ್ಟು ಬರುತ್ತಿತ್ತು. ನೆರಳು ಹಾಸುಗಲ್ಲಿಗೆ ಇನ್ನು ಎರಡು ಗೇಣು ಉಳಿದಿತ್ತು. ಎರಡು ಗೇಣು ಕಳೆದರೆ ತಾನು ಬದುಕಿದೆ, ಊರು ಬಿಟ್ಟರೂ ಸರಿ ಎಂದು ಒಂದು ಮನಸ್ಸು. ತಾನು ಊರು ಬಿಟ್ಟು ಹೋಗುವಾಗ ಈ ಮುನ್ನೂರು ಜನ ಬಂದು ಇಲ್ಲಿ ಕೂತಿರುತ್ತಾರೆ ಎಂದು ಇನ್ನೊಂದು ಮನಸ್ಸು. ಆ ಹೊತ್ತಿಗೆ ಕಲ್ಲಿನ ಹಲ್ಲು ಕಡಿಯುವ ಸದ್ದು ನಿಂತುಹೋಯಿತು. ಎಲ್ಲ ಸದ್ದೂ ನಿಂತಿತು. ಕಲ್ಲಿನ ಸಂದಿಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು ಒಮ್ಮೆಗೇ ಎದ್ದು ಹೊರಗೆ ಹಾರಿದವು. ಅದರ ಹಿಂದೆಯೇ, ನೆತ್ತಿಯ ಮೇಲೆ, ಸಣ್ಣಗೆ ಟಿಕ್ಕೆಂದಿತು.

ಹುಲಿಗೆವ್ವ ಓಡಿದಳು. ಯೋಚಿಸಿ ಓಡಿದ್ದಲ್ಲ, ಕಾಲು ಓಡಿದವು. ಬಿಸಿಲಿಗೆ ಬಂದು ಹತ್ತು ಹೆಜ್ಜೆ ಆದ ಮೇಲೆ ಒಳಗೆ ಜಡಿಯಪ್ಪ ಮಲಗಿರುವುದು ನೆನಪಾಯಿತು. ಕೂಗಲು ಬಾಯಿ ತೆರೆದಳು. ದನಿ ಬರಲಿಲ್ಲ, ಅಂಜಿಕೆಗೆ ಗಂಟಲು ಕಟ್ಟಿಹೋಗಿತ್ತು. ಮತ್ತೆ ಒಳಗೆ ಹೋಗುವ ಎದೆ ಅವಳಿಗಿರಲಿಲ್ಲ. ಕಾಲ ಬಳಿಯ ಕಲ್ಲೊಂದನ್ನು ಎತ್ತಿ, ಕಲ್ಲು ಒಡೆದೇ ಬೆಳೆದ ಕೈಯಿಂದ ಬೀಸಿ ಒಗೆದಳು. ಅದು ಹೋಗಿ ಅವನ ಮೊಣಕಾಲ ಚಿಪ್ಪಿಗೆ ಬಡಿಯಿತು. ಜಡಿಯಪ್ಪ ಕೆರಳಿ ಎದ್ದ. ಕಲ್ಲು ಒಗೆದವಳು ಎದುರಿಗೇ ನಿಂತಿರುವುದನ್ನು ಕಂಡು, ಕೋಲು ಎತ್ತಿಕೊಂಡು, ಬೈಯುತ್ತ ಕುಂಟುತ್ತ ಅವಳನ್ನು ಬೆನ್ನಟ್ಟಿದ.

ದಿಬ್ಬದ ಮೇಲಿನ ಜನ ಕಂಡದ್ದು ಇಷ್ಟೇ: ಅಂಜಿದವ್ವ ಎದ್ದು ಓಡಿ ಬರುತ್ತಿದ್ದಾಳೆ, ತಳವಾರ ಹಿಂದೆ ಬಿದ್ದಿದ್ದಾನೆ. ನಗೆ ಎದ್ದಿತು. "ದೂರು ಬಿತ್ತು. ನಡೀರಿ, ನೆರಳಿಗೆ ನಡೀರಿ," ಎಂದ ಪಂಪನಗೌಡ. ಬಿಸಿಲಿಗೆ ಬೇಸತ್ತ ಜನ ಕಾದಿದ್ದವರಂತೆ ಎದ್ದರು. ಹುಡುಗರು ಒಳ್ಳೆಯ ಜಾಗ ಹಿಡಿಯಲು ಮುಂದೆ ಓಡಿದರು. ಕುಂಬಾರರ ಈರವ್ವ ಒಬ್ಬಳೇ ಕೂತಲ್ಲಿಂದ ಏಳದೆ, ಕೈಗೆ ಸಿಕ್ಕವರ ಸೆರಗು ಧೋತರ ಹಿಡಿದು ಜಗ್ಗುತ್ತಿದ್ದಳು. ಹುಲಿಗೆವ್ವ ಎದುರಿನಿಂದ ಬರುತ್ತಿದ್ದ ಗುಂಪನ್ನು ಕಂಡಳು. ದನಿಯಿಲ್ಲದ ಬಾಯಿ ತೆರೆದುಕೊಂಡೇ, ಎರಡು ಕೈ ಅಗಲಿಸಿ, ಮುಂದೆ ಓಡಿ ಬಂದ ಹುಡುಗರ ಮೇಲೆ ಹೋಗಿ ಬಿದ್ದಳು. ಅವರೂ ಅವಳೂ ಉರುಳಿದರು. ಅವರ ಮೇಲೆ ಎಡವಿ ಜಡಿಯಪ್ಪ ಬಿದ್ದ. ಗೌಡ ಎರಡು ಹೆಜ್ಜೆ ಮುಂದಿಟ್ಟಿದ್ದವನು, ಏನಿದು ಎಂದು ಗದರಿಸಲು ನಿಂತ.

ಆಗ ಗುಂಡು ಸೀಳಿತು. ಸದ್ದಿಗಿಂತ ಮೊದಲು ನೆಲ ಅಲುಗಿತು ಎನ್ನುತ್ತಾರೆ. ಮುಂದಿನ ಅರ್ಧ ಹೋಳು ಅವಸರವಿಲ್ಲದೆ ಬಾಗಿ, ಆನಿಕೆಯ ಬಂಡೆಗಳನ್ನು ಅರೆದು, ದೂರುಗಲ್ಲಿನ ಮೇಲೆ ಮುಖ ಹಾಕಿ ಮಲಗಿತು. ಧೂಳು ದಿಬ್ಬವನ್ನೂ ಮುಚ್ಚಿತು. ಬಹಳ ಹೊತ್ತು ಕೆಮ್ಮಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ತಾಯಂದಿರು ಮಕ್ಕಳ ಹೆಸರು ಹಿಡಿದು ಕೂಗತೊಡಗಿದರು. ಒಂದೊಂದು ಕೂಗಿಗೂ ಧೂಳಿನೊಳಗಿಂದ ಉತ್ತರ ಬಂತು. ಎಲ್ಲ ಹೆಸರುಗಳಿಗೂ ಬಂತು. ಜಡಿಯಪ್ಪ ಎದ್ದು ಕೂತು, ತಾನು ಮಲಗಿದ್ದ ಜಾಗದ ಕಡೆ ನೋಡಿ, ಕೈಯಲ್ಲಿದ್ದ ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟ. ಹುಲಿಗೆವ್ವ ಮಣ್ಣಲ್ಲಿ ಮುಖವಿಟ್ಟು ಬಿದ್ದೇ ಇದ್ದಳು. ಮುಗಿಯಿತೆಂದು ಯಾರು ಹೇಳಿದರೂ ಅವಳ ನಡುಕ ನಿಲ್ಲಲಿಲ್ಲ. ಅದು ಮುಂದೆಯೂ ಪೂರ್ತಿ ನಿಲ್ಲಲಿಲ್ಲವಂತೆ. ಬದುಕಿದಷ್ಟು ದಿನವೂ ತುಂಬಿದ ನೀರಿನ ತಂಬಿಗೆಯನ್ನು ಚೆಲ್ಲದೆ ಎತ್ತಲು ಅವಳಿಂದ ಆಗಲಿಲ್ಲ, ಮಾಡಿನ ಕೆಳಗೆ ಮಲಗಲೂ ಆಗಲಿಲ್ಲ. ಓಣಿಯವರೆಲ್ಲ ಸೇರಿ ಅವಳ ಅಂಗಳಕ್ಕೆ ಜೋಳದ ದಂಟಿನ ಚಪ್ಪರ ಹಾಕಿಕೊಟ್ಟರು.

ಎಂಟನೆಯ ದಿನ ದೈವ ದಿಬ್ಬದ ಮೇಲೆ ಕೂಡಿತು. ಪಂಪನಗೌಡ ಎಲ್ಲರೆದುರು ಎದ್ದು, ತಾನು ಆ ಸಿಬಿರುಗಳನ್ನು ಕೈಯಲ್ಲಿ ಹಿಡಿದು ನೋಡಿದರೂ ನಂಬಲಿಲ್ಲವೆಂದು ಒಪ್ಪಿಕೊಂಡ. ಆಮೇಲೆ, ಬಿದ್ದ ಕಲ್ಲಿನ ಮೇಲೆ ಹೆಸರು ಕೆತ್ತಿಸಬೇಕೆಂದೂ ಅದು 'ಧೀರೆ ಹುಲಿಗೆವ್ವನ ಗುಂಡು' ಎಂದಿರಬೇಕೆಂದೂ ಹೇಳಿದ. ಈರವ್ವನ ಪಕ್ಕದಲ್ಲಿ ಮುದುಡಿ ಕೂತಿದ್ದ ಹುಲಿಗೆವ್ವ ಮೊದಲ ಸಲ ದೈವದಲ್ಲಿ ತಾನಾಗಿ ಬಾಯಿ ತೆರೆದಳು.

"ಬ್ಯಾಡ್ರಿ, ಗೌಡ್ರ. ಸುಳ್ಳು ಕೆತ್ತಬ್ಯಾಡ್ರಿ. ನಾ ಅಂಜಿ ಬಂದೆ, ಅಂಜಿ ಕುಂತೆ, ಅಂಜಿ ಓಡಿದೆ. ಜಡಿಯಣ್ಣನ ಎಬ್ಬಸಾಕ ಒಳಗ ಹೋಗಲಿಲ್ಲ, ದೂರ ನಿಂತು ಕಲ್ಲು ಒಗದೆ. ಧೀರೆ ಅಂತ ಬರೆದರ, ನಾಳೆ ಯಾರಿಗರ ಅಂಜಿಕಿ ಬಂದಾಗ ಅವರು ಈ ಕಲ್ಲು ನೋಡಿ, ನಾ ಇಂಥಾಕಿ ಅಲ್ಲ ಅಂತ ಸುಮ್ಮನಾಗತಾರ. ನೀವು ನನ್ನ ಏನಂತ ಕರಿತಿದ್ರಿ, ಅದನ್ನ ಇಡ್ರಿ."

ಹಾಗೆ ಕರೆಯುತ್ತಿದ್ದವರೆಲ್ಲ ಅಲ್ಲಿದ್ದರು, ನೆಲ ನೋಡುತ್ತಿದ್ದರು. ಅಂದಿನಿಂದ ಆ ಜಾಗಕ್ಕೆ ಅಂಜಿದವ್ವನ ಗುಂಡು ಎಂದೇ ಹೆಸರು. ದೈವವೂ ಮತ್ತೆ ಯಾವ ನೆರಳಿನ ಕೆಳಗೂ ಕೂಡಲಿಲ್ಲ.

ಈಗ ಹೋದವರಿಗೆ ಎರಡು ಹೋಳುಗಳ ನಡುವೆ ಆಡು ಮೇಯುವುದು ಕಾಣುತ್ತದೆ. ಮಲಗಿದ ಹೋಳಿನ ಎಡಬದಿಯಲ್ಲಿ ಬಗ್ಗಿ ನೋಡಿದರೆ, ಬಂಡೆಯ ಕೆಳಗಿನಿಂದ ಒಂದು ಗೇಣು ಹೊರಗೆ ಚಾಚಿದ ದೂರುಗಲ್ಲಿನ ಮೂಲೆ ಇನ್ನೂ ಕಾಣುತ್ತದೆ. ದಿಬ್ಬದ ಮೇಲೆ ಪಟ್ಟಣ ಪಂಚಾಯಿತಿಯವರು ಸಿಮೆಂಟಿನ ಬೆಂಚುಗಳನ್ನು ಹಾಕಿಸಿದ್ದಾರೆ, ಮಾಡು ಹಾಕಿಸಿಲ್ಲ. ವಾರ್ಡ್ ಸಭೆಗಳೆಲ್ಲ ಅಲ್ಲಿಯೇ ನಡೆಯುತ್ತವೆ. ನಲ್ಲಿ, ಚರಂಡಿ, ಬೀದಿದೀಪದ ಮಾತು ಎತ್ತುವ ಮೊದಲು ಅಧ್ಯಕ್ಷರು ಎದ್ದು ನಿಂತು ಒಂದು ಪ್ರಶ್ನೆ ಕೇಳುವ ವಾಡಿಕೆಯಿದೆ: "ಯಾರಿಗೆ ಯಾತರ ಅಂಜಿಕಿ ಐತಿ, ಹೇಳ್ರಿ." ಹೋದ ಮಳೆಗಾಲದಲ್ಲಿ ಒಬ್ಬ ಮುದುಕಿ ಕೈಯೆತ್ತಿ, ಅಂಗನವಾಡಿಯ ಗೋಡೆ ನೀರು ಕುಡಿದಿದೆ, ಮೊಮ್ಮಗನನ್ನು ಕಳಿಸಲು ಎದೆ ಹೊಡೆದುಕೊಳ್ಳುತ್ತದೆ ಎಂದಳು. ಯಾರೂ ನಗಲಿಲ್ಲ. ಸಭೆಯನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರೂ ಎದ್ದು ಹೋಗಿ ಆ ಗೋಡೆ ನೋಡಿ ಬಂದರು. ಕೆಲವು ಸಲ ಯಾರೂ ಏನೂ ಹೇಳುವುದಿಲ್ಲ. ಆಗಲೂ ಅಧ್ಯಕ್ಷರು ಕೂಡಲೇ ಕೂರುವುದಿಲ್ಲ. ಹೇಳಬೇಕೆಂದವರಿಗೆ ಗಂಟಲು ಕಟ್ಟಿರಬಹುದೆಂದು, ಅಷ್ಟು ಜನರ ಮುಖವನ್ನು ಒಂದೊಂದಾಗಿ ನೋಡುತ್ತ, ಬಿಸಿಲಿನಲ್ಲಿ ನಿಂತೇ ಕಾಯುತ್ತಾರೆ.